ಒಂದು ಪಾನಾದ ಕಥಿ

ಖಂಡೇಪೂಜಿ ದಿನ ಟ್ರ್ಯಾಕ್ಟರ್ ತೊಳದು, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲಿ ಹಾಕಿ, ಗಾಲಿ ಕೆಳಗ ಲಿಂಬಿಹಣ್ಣು ಇಡೂದು ನಮ್ಮ ಮನ್ಯಾಗ ಹೆಣ್ಮಕ್ಕಳ ಕೆಲಸ. ಬಾನೆಟ್ ಎತ್ತೂದು ಗಂಡಸರ ಕೆಲಸ. ಎರಡು ವರ್ಷದ ಹಿಂದ ದ್ರಾಕ್ಷಿ ತೋಟದ ಸಣ್ಣ ಟ್ರ್ಯಾಕ್ಟರ್ ನೀಲಿ ಹೊಗಿ ಉಗುಳಾಕ ಹತ್ತಿತು. ಮಿಸ್ತ್ರಿ ಬಿಚ್ಚಿ ನೋಡಿದ್ರ, ಏರ್ ಕ್ಲೀನರಿನ ಬಟ್ಟಲದಾಗ ಎಣ್ಣಿ ಇರಬೇಕಾದಲ್ಲಿ ಗಟ್ಟಿ ಕೆಸರು. ಧೂಳೆಲ್ಲಾ ಇಂಜಿನ್ನಿಗೆ ಹೋಗಿ ರಿಂಗು, ಲೈನರು ಸವದು ಹೋಗಿದ್ವು. ಆ ಬಟ್ಟಲ ತೊಳದು ಹೊಸಾ ಎಣ್ಣಿ ಹಾಕೂದು ಹತ್ತು ಮಿನಿಟಿನ ಕೆಲಸ ನೋಡ್ರಿ. ಡ್ರೈವರ ಮಾಡ್ಯಾನ ಅಂತ ನಮ್ಮವರು, ಮಾಲಕರು ಮಾಡ್ಯಾರ ಅಂತ ಡ್ರೈವರ. ನಾವು ಹೆಣ್ಮಕ್ಕಳು ಮಾಲಿ ಹಾಕಿ ಕುಂತಿದ್ವಿ. ಆ ವರ್ಷ ಬಂಗಾರದ ಬಿಲ್ವಾರ ಸೊಸೈಟ್ಯಾಗ ಇಟ್ಟು ಬಂದದ್ದು ನಿಮಗೆಲ್ಲಾ ಗೊತ್ತಽ ಐತಿ.

ಆವಾಗಿಂದ ನನಗೊಂದು ಹಟ ಹತ್ತಿತು. ಈ ಕೆಲಸ ಹೆಂಗಸರದಲ್ಲ ಅಂತ ಯಾರು ಹೇಳಿದ್ರು, ಯಾವಾಗ ಹೇಳಿದ್ರು? ಹುಡುಕ್ಕೊಂತ ಹ್ವಾದ್ರ ಕಥಿ ಬ್ಯಾರೆನಽ ಐತಿ.

ಮೊದಲು ನಮ್ಮ ಮನೀದಽ ನೆನಸ್ರಿ. ಬಂಡಿ ಇದ್ದಾಗ ಅಚ್ಚಿಗೆ ಕೀಲೆಣ್ಣಿ ಬೇಕಿತ್ತು. ಹುಲ್ಲು ಸುಟ್ಟ ಕರಿ ಅರದು ಎಣ್ಣ್ಯಾಗ ಕಲಸಿ ಕೊಡಾಕಿ ನಮ್ಮ ಆಯಿನಽ. ಅದನ್ನ ಬಿದಿರಿನ ಗೊಟ್ಟದಾಗ ತುಂಬಿ ಬಂಡಿ ಕೆಳಗ ತೂಗಹಾಕ್ತಿದ್ರು. ಗಾಲಿ ಕಿರ್ ಅಂದ್ರ ಒಳಗ ಒಲಿ ಮುಂದ ಕುಂತಾಕಿಗೆ ಮೊದಲು ಕೇಳಸ್ತಿತ್ತು.

ಇನ್ನ ಇಂಗ್ಲೆಂಡಿಗೆ ಹೋಗೋಣು. ಮೊದಲನೇ ಮಹಾಯುದ್ಧದಾಗ ಗಂಡಸರೆಲ್ಲಾ ದಂಡಿಗೆ ಹ್ವಾದ್ರು. ಜರ್ಮನಿಯವರು ಹಡಗ ಮುಳುಗಿಸಿ ಹೊರಗಿನ ಗೋಧಿ ಬರದಂಗ ಮಾಡಿದ್ರು. 1917ರಾಗ ಅಲ್ಲಿ ಸರಕಾರ ‘ವಿಮೆನ್ಸ್ ಲ್ಯಾಂಡ್ ಆರ್ಮಿ’ ಅಂತ ಕಟ್ಟಿ ಹೆಣ್ಮಕ್ಕಳನ್ನ ಹೊಲಕ್ಕ ಕಳಿಸ್ತು. ಹೆನ್ರಿ ಫೋರ್ಡನ ಫೋರ್ಡ್‌ಸನ್ ಟ್ರ್ಯಾಕ್ಟರೂ ಅದಽ ವರ್ಷ ಬಂತು. 1939ರಾಗ ಎರಡನೇ ಯುದ್ಧ ಬಂದಾಗ ಆ ಪಡೀನ ಮತ್ತೊಮ್ಮೆ ಕಟ್ಟಿದ್ರು. 1943ರ ಹೊತ್ತಿಗೆ ಅದರಾಗ 80,000ಕ್ಕೂ ಹೆಚ್ಚು ಹೆಂಗಸರಿದ್ರು. ಹಾಲು ಹಿಂಡಾಕ, ಗಡ್ಡಿ ಕೀಳಾಕ ಹೋದವರಽ ಭಾಳ. ಟ್ರ್ಯಾಕ್ಟರ್ ಹತ್ತಿದವರೂ ಸಾಕಷ್ಟು. ಅಂಗಡ್ಯಾಗ, ಆಫೀಸಿನಾಗ ಇದ್ದ ಹುಡಿಗೇರು ಅವರು, ಪಾನಾ ಹಿಡದು ಗೊತ್ತಿದ್ದವರಲ್ಲ.

ಆ ಟ್ರ್ಯಾಕ್ಟರಿಗೆ ಎರಡು ಎಣ್ಣಿ. ಚಾಲೂ ಮಾಡೂದು ಪೆಟ್ರೋಲ್ ಮ್ಯಾಲ, ಕಾಯ್ದ ಮ್ಯಾಲ ಸೀಮೆಎಣ್ಣಿಗೆ ಹೊಳ್ಳಸೂದು. ಅವಸರ ಮಾಡಿ ಮೊದಲಽ ಹೊಳ್ಳಿಸಿದ್ರ, ಉರೀಲಾರದ ಸೀಮೆಎಣ್ಣಿ ಪಿಸ್ಟನ್ ಸಂದಿಲಿಂದ ಇಳದು ಇಂಜಿನ್ ಆಯಿಲಿನಾಗ ಕೂಡ್ತಿತ್ತು. ಆಯಿಲ್ ತೆಳ್ಳಗಾದ್ರ ಬೇರಿಂಗ್ ಉಳಿಯಂಗಿಲ್ಲ. ಹಂಗಾಗಿ ದಿನಾ ಮುಂಜಾನೆ ಆಯಿಲ್ ನೋಡೂದು, ಕೆಟ್ಟಿದ್ರ ಬದಲಿ ಮಾಡೂದು. ಸಕ್ಕರಿ ಪಾಕದ ಎಳಿ ಬೆರಳಿನಾಗ ನೋಡಿದವರಿಗೆ ಇದೇನು ದೊಡ್ಡ ವಿದ್ಯಾ? ಚಳಿಗಾಲದಾಗ ರಾತ್ರಿ ರೇಡಿಯೇಟರಿನ ನೀರು ಬಿಡಬೇಕು, ಇಲ್ಲಂದ್ರ ಬರ್ಫ ಆಗಿ ಇಂಜಿನ್ ಸೀಳ್ತದ. ಹ್ಯಾಂಡಲ್ ತಿರುವುವಾಗ ಹೆಬ್ಬಟ್ಟು ಉಳಿದ ಬೆರಳಿನ ಬಾಜೂಕಽ ಇಡಬೇಕು. ಸುತ್ತಿ ಹಿಡದ್ರ, ಹ್ಯಾಂಡಲ್ ಹಿಂದಕ್ಕ ಒದ್ದಾಗ ಹೆಬ್ಬಟ್ಟು ಮುರೀತದ. ಎಲ್ಲಾ ಕಲಿತರು. 1950ರಾಗ ಪಡಿ ಬರಖಾಸ್ತ ಆತು, ಭಾಳ ಮಂದಿ ಮನೀಗೆ ಹ್ವಾದ್ರು.

ಸಣ್ಣ ಟ್ರ್ಯಾಕ್ಟರಿನ ಖರೇ ಕಥಿ ಹ್ಯಾರಿ ಫರ್ಗ್ಯುಸನ್‌ನದು. ಐರ್ಲೆಂಡಿನ ಉತ್ತರ ಭಾಗದ ಒಕ್ಕಲಿಗರ ಮನ್ಯಾಗ 1884ರಾಗ ಹುಟ್ಟಿದಾಂವ. ಟ್ರ್ಯಾಕ್ಟರಿನ ಹಿಂದ ಮೂರು ಕೂಡುವಳಿ ಇಟ್ಟು ನೇಗಿಲ ಎತ್ತಿ ಇಳಿಸೂದು ಐತೆಲ್ಲ, ಆ ಪದ್ಧತಿ ತಂದಾಂವ ಇವನಽ. 1946ರಿಂದ 1956ರ ತನಕ ಇಂಗ್ಲೆಂಡಿನ ಕೊವೆಂಟ್ರಿಯೊಳಗ ಟಿಇ-20 ಅನ್ನೂ ಬೂದಿ ಬಣ್ಣದ ಟ್ರ್ಯಾಕ್ಟರ್ ಐದು ಲಕ್ಷಕ್ಕೂ ಹೆಚ್ಚು ತಯಾರಾದ್ವು. ಅದರ ಜೋಡಿ ಒಂದು ಪಾನಾ ಕೊಡ್ತಿದ್ರು. ಎರಡು ತುದಿಗೆ ಎರಡು ಅಳತಿ, ದಿನದ ಕೆಲಸದ ನಟ್ಟು ಬಹುತೇಕ ಅದರಾಗಽ ಮುಗೀತಿದ್ವು. ಹಿಡಕಿ ಮ್ಯಾಲ ಇಂಚಿನ ಗೆರಿ. ಟಾಕಿಯೊಳಗ ಇಳಿಬಿಟ್ರ ಎಣ್ಣಿ ಎಷ್ಟೈತಿ ಗೊತ್ತಾಗ್ತದ, ನೇಗಿಲದ ಅಳತೀನೂ ಅದರಲೇ. ಗಾಲಿ ನಡುವಿನ ಅಂತರ 48 ಇಂಚಿನಿಂದ 76 ಇಂಚಿನ ತನಕ ನಾಕ್ನಾಕು ಇಂಚು ಹೆಚ್ಚಿಸಬಹುದಿತ್ತು. ಒಕ್ಕಲಿಗ ತನ್ನ ಹೊಲದಾಗಽ ನಿಂತು ತಾನಽ ಮಾಡಬೇಕು ಅನ್ನೂ ವಿಚಾರದಲೇ ಮಾಡಿದ್ದು ಅದು. ಎವರೆಸ್ಟ್ ಏರಿದ ಹಿಲರಿ ಇಂಥಾವೇ ಮೂರು ಟ್ರ್ಯಾಕ್ಟರಿಗೆ ಪಟ್ಟಿ ಕಟ್ಟಿಕೊಂಡು 1958ರ ಜನವರಿ 4ಕ್ಕ ದಕ್ಷಿಣ ಧ್ರುವ ಮುಟ್ಟಿದ. ಅಲ್ಲಿ ಯಾವ ಗ್ಯಾರೇಜಿತ್ತು?

ಈ ವಂಶ ನಮ್ಮ ದೇಶಕ್ಕೂ ಬಂತು. 1960ರಾಗ ಮದ್ರಾಸಿನಾಗ ಟ್ಯಾಫೆ ಕಂಪನಿ ಮ್ಯಾಸಿ ಫರ್ಗ್ಯುಸನ್ ಜೋಡಿ ಸುರು ಆತು. ಬೆಂಗಳೂರಿನಾಗ 1967ರಾಗ ವಿಎಸ್‌ಟಿ ಅವರು ಜಪಾನಿನ ಮಿತ್ಸುಬಿಶಿ ಜೋಡಿ ಟಿಲ್ಲರ್ ಮಾಡೂ ಕಂಪನಿ ಕಟ್ಟಿದ್ರು. ಸಣ್ಣ ಟ್ರ್ಯಾಕ್ಟರ್ ಆಮ್ಯಾಲ ಬಂದ್ವು, ದ್ರಾಕ್ಷಿ, ದಾಳಿಂಬ್ರಿ ಸಾಲಿನಾಗ ಹೋಗಾಕ. ಯಂತ್ರ ಬಂತು, ಕೈ ಮಾತ್ರ ಬರಲಿಲ್ಲ. ಪುಸ್ತಕ ಇಂಗ್ಲಿಷಿನಾಗಿತ್ತು, ಬಿಲ್ಲಿನ ಜೋಡಿ ಟ್ರಂಕಿಗೆ ಹೋತು. ಪಾನಾ ಹುಡುಗರು ಕಳದ್ರು. ಫ್ರೀ ಸರ್ವಿಸ್ ಮುಗದ ಮ್ಯಾಲ ಕೇಳೋರಿಲ್ಲ. ಕೀಲೆಣ್ಣಿ ಕಲಸಿದ ಮನ್ಯಾಗ ಗ್ರೀಸ್ ಗನ್ ಯಾರೂ ಮುಟ್ಟಲಿಲ್ಲ. ಕೆಡಿಸಿದ್ದು ಜಪಾನಿನವರಲ್ಲ, ನಾವಽ.

ಈಗ ನಾನೂ ನಮ್ಮ ಸಣ್ಣ ನೆಗೆಣ್ಣೀನೂ ಕೂಡಿ ಮಾಡ್ತೀವಿ. ಮುಂಜಾನೆ ಇಂಜಿನ್ ತಣ್ಣಗಿದ್ದಾಗ, ಸಪಾಟ ಜಾಗಾದಾಗ ನಿಲ್ಲಿಸಿ ಆಯಿಲ್ ಕಡ್ಡಿ ನೋಡೂದು, ರೇಡಿಯೇಟರಿನ ನೀರು ನೋಡೂದು. ಕಾಯ್ದಾಗ ಆ ಮುಚ್ಚಳ ತೆಗೀಬ್ಯಾಡ್ರಿ, ಮಾರಿ ಸುಡ್ತದ. ಧೂಳಿನಾಗ ಕೆಲಸ ಮಾಡಿದ ದಿನ ಬಟ್ಟಲ ತೊಳ್ಯೂದು. ನಿಪ್ಪಲ್ ಒರಸಿ, ಹಳೇ ಗ್ರೀಸ್ ಹೊರಗ ಬರೂ ತನಕ ಹೊಡ್ಯೂದು. ಒರಸಲಾರದ ಹೊಡದ್ರ ಉಸುಕು ಒಳಗ ಹೋಗ್ತದ. ಡೀಸಲ್ ಪಂಪು, ಹೈಡ್ರಾಲಿಕ್ ಮಿಸ್ತ್ರಿಗೇ ಬಿಡ್ತೀವಿ, ಅದರಾಗ ಜಾಣತನ ಬ್ಯಾಡ.

ಒಂದು ಮಾತ್ರ ಕೇಳ್ರಿ. ಹಿಂದಿನ ಪಿಟಿಓ ಶಾಫ್ಟ್ ನಿಮಿಷಕ್ಕ 540 ಸುತ್ತು ತಿರುಗ್ತದ, ಅಂದ್ರ ಒಂದು ಸೆಕೆಂಡಿಗೆ ಒಂಬತ್ತು. ಸೆರಗು, ಓಡನಿ, ಜಡಿ ಸಿಕ್ರ ಕೂಗೂ ತನಕಾನೂ ಟೈಮ್ ಇರಂಗಿಲ್ಲ. ಇಂಜಿನ್ ಬಂದ್ ಮಾಡಿ, ಕೀಲಿ ಕಿಸೇದಾಗ ಇಟಗೊಂಡು ಆಮ್ಯಾಲ ಹಿಂದಕ್ಕ ಹೋಗೂದು. ನನ್ನ ಸೀರಿಗೆ ಕಿಸೆ ಇಲ್ಲ, ಕೀಲಿ ಕೊಳ್ಳಾಗ ಹಾಕ್ಕೊಂತೀನಿ. ಸೆರಗು ಟೊಂಕಕ್ಕ ಕಟ್ಟಿ ಮ್ಯಾಲ ನಮ್ಮವರ ಹಳೇ ಅಂಗಿ.

ಹಾಲಿನ ಲೆಕ್ಕಾ ಬರಿಯೂ ಕ್ಯಾಲೆಂಡರಿನಾಗ ಈಗ ಮೀಟರಿನ ತಾಸಿನ ಲೆಕ್ಕಾನೂ ಬರೀತೀವಿ. ನಿನ್ನೆ ಗ್ರೀಸ್ ಹೊಡದದ್ದು ನೆಗೆಣ್ಣಿ, ಆದ್ರ ಬರದಿಲ್ಲ. ಅದಕ್ಕಽ ಇವತ್ತೂ ಹೊಡದೆ.