ಡಾಕ್ಟರ್‌ಗಳಿಗೂ ಮನಸ್ಸಿನ ತೊಂದರೆ ಬರುತ್ತಾ? ಕೋವಿಡ್ ಕಾಲದಲ್ಲಿ ಕಿರಿಯ ವೈದ್ಯರಿಗೆ ಆಗಿದ್ದೇನು?

‘ಡಾಕ್ಟರ್‌ಗಳು ದಿನಾ ಸಾವು-ನೋವು ನೋಡುತ್ತಾರೆ, ಅವರ ಮನಸ್ಸು ಕಲ್ಲಾಗಿರುತ್ತದೆ’ ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಇದು ನಿಜವೇ? ಅಲ್ಲ. ಅದರಲ್ಲೂ ಇನ್ನೂ ಕಲಿಯುತ್ತಿರುವ ವೈದ್ಯರ ವಿಷಯದಲ್ಲಂತೂ ಇದು ಪೂರ್ತಿ ತಪ್ಪು.

ಮೊದಲು ಇವರು ಯಾರು ಅಂತ ನೋಡೋಣ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಂಥ ಊರಿನಲ್ಲಿ ರಾತ್ರಿ ಯಾರಿಗಾದರೂ ಉಸಿರಾಟ ಕಷ್ಟವಾದರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೇವೆ. ಅಲ್ಲಿ ಆಗದಿದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ ಅಥವಾ ಹಿಂದೆ ವಿಮ್ಸ್ ಎಂದು ಕರೆಯುತ್ತಿದ್ದ ಬಳ್ಳಾರಿಯ ಆಸ್ಪತ್ರೆ. (ಚಿಗಟೇರಿ ಎಂಬ ಊರು ಇರುವುದು ನಮ್ಮ ಹರಪನಹಳ್ಳಿ ತಾಲ್ಲೂಕಿನಲ್ಲೇ.) ಆ ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿ ಹೊತ್ತು ರೋಗಿಯನ್ನು ಮೊದಲು ನೋಡುವವರು ಹೆಚ್ಚಾಗಿ ಹೌಸ್ ಸರ್ಜನ್‌ಗಳು, ಇಲ್ಲವೇ ಪಿಜಿ ವಿದ್ಯಾರ್ಥಿಗಳು. ನಾಲ್ಕೂವರೆ ವರ್ಷ ಎಂಬಿಬಿಎಸ್ ಓದಿ ಒಂದು ವರ್ಷ ಇಂಟರ್ನ್‌ಶಿಪ್ ಮಾಡುವವರು ಹೌಸ್ ಸರ್ಜನ್‌ಗಳು; ಆಮೇಲೆ ಮೂರು ವರ್ಷ ತಜ್ಞರಾಗಲು ಕಲಿಯುವವರು ಪಿಜಿಗಳು. ಕೆಲಸ ನೌಕರರಷ್ಟು, ಸ್ಥಾನ ಮಾತ್ರ ವಿದ್ಯಾರ್ಥಿಯದು. ರಜೆ ಕೇಳಬೇಕಾದದ್ದು ಪರೀಕ್ಷೆಯಲ್ಲಿ ಪಾಸು ಮಾಡಬೇಕಾದ ಪ್ರೊಫೆಸರ್ ಹತ್ತಿರವೇ. ಸಮಸ್ಯೆಯ ಬೇರು ಇಲ್ಲಿದೆ ಎನ್ನುವುದು ನಮ್ಮ ಅಭಿಪ್ರಾಯ.

ದಾವಣಗೆರೆಯಲ್ಲಿ 2020ರಲ್ಲಿ ಏನಾಯಿತು ನೋಡಿ. ಕೋವಿಡ್ ಏರುತ್ತಿದ್ದ ಜೂನ್ ಕೊನೆಯಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜಿನ ಸರ್ಕಾರಿ ಕೋಟಾದ ಹೌಸ್ ಸರ್ಜನ್‌ಗಳು ಮತ್ತು ಪಿಜಿಗಳು ಧರಣಿ ಕೂತರು. 16 ತಿಂಗಳಿಂದ ಶಿಷ್ಯವೇತನ ಬಂದಿರಲಿಲ್ಲ. ಅದನ್ನು ಕೊಡಬೇಕಾದದ್ದು ಸರ್ಕಾರವೋ ಕಾಲೇಜೋ ಎಂಬ ಜಗ್ಗಾಟದಲ್ಲಿ ಹಣ ನಿಂತಿತ್ತು. ಅತ್ತ ಜನ ಇವರನ್ನು ‘ಕೊರೊನಾ ವಾರಿಯರ್ಸ್’ ಅಂತ ಕರೆದು ಚಪ್ಪಾಳೆ ತಟ್ಟಿ ಮೂರು ತಿಂಗಳಾಗಿತ್ತಷ್ಟೆ. 16 ತಿಂಗಳು ಸಂಬಳವಿಲ್ಲದೆ, ಮನೆಯಿಂದ ದುಡ್ಡು ತರಿಸಿಕೊಂಡು, ಸೋಂಕಿನ ವಾರ್ಡಿನಲ್ಲಿ ಕೆಲಸ ಮಾಡುವವರ ಮನಸ್ಸು ಹೇಗಿರಬಹುದು ಎಂದು ತಿಳಿಯಲು ದೊಡ್ಡ ಸಂಶೋಧನೆ ಬೇಕಿಲ್ಲ.

ಮರುವರ್ಷ ಇನ್ನೊಂದು ಪೆಟ್ಟು ಬಿತ್ತು. 2021ರ ಏಪ್ರಿಲ್ 18ಕ್ಕೆ ಇದ್ದ ನೀಟ್ ಪಿಜಿ ಪರೀಕ್ಷೆ ಎರಡನೇ ಅಲೆಯಿಂದ ಮುಂದಕ್ಕೆ ಹೋಗಿ ಸೆಪ್ಟೆಂಬರ್ 11ಕ್ಕೆ ನಡೆಯಿತು. ಸೀಟು ಹಂಚಿಕೆ ಮೀಸಲಾತಿ ವ್ಯಾಜ್ಯದಲ್ಲಿ ಸಿಕ್ಕಿಕೊಂಡು, ಸುಪ್ರೀಂ ಕೋರ್ಟ್ ಅನುಮತಿ ಕೊಡುವಷ್ಟರಲ್ಲಿ 2022ರ ಜನವರಿ 7 ಆಗಿತ್ತು. ಇದರ ಅರ್ಥ ಏನು? ಹೊಸ ಬ್ಯಾಚ್ ತಿಂಗಳುಗಟ್ಟಲೆ ಬರಲೇ ಇಲ್ಲ. ಮೂರು ಬ್ಯಾಚ್ ಹೊರಬೇಕಾದ ಭಾರ ಎರಡರ ಹೆಗಲಿಗೆ ಬಿತ್ತು.

ನಿದ್ದೆಗೆಟ್ಟರೆ ಏನಾಗುತ್ತೆ? ಈ ಪ್ರಶ್ನೆ ರೋಗಿಗಳಾದ ನಮಗೂ ಸೇರಿದ್ದು. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನವೊಂದು ಇದನ್ನು ಅಳೆದಿದೆ. 17 ಗಂಟೆ ಸತತ ಎಚ್ಚರವಿದ್ದವರ ಗಮನ ಮತ್ತು ಕೈಹಿಡಿತ, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರ ಮಟ್ಟಕ್ಕೆ ಕುಸಿದಿತ್ತು. 24 ಗಂಟೆ ಆದಾಗ ಅದು ಸುಮಾರು 100 ಮಿಲಿಗ್ರಾಂಗೆ ಸಮ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 30 ಮಿಲಿಗ್ರಾಂ! ಬೈಕ್ ಓಡಿಸಲು ಬಿಡದಂಥ ಸ್ಥಿತಿಯಲ್ಲಿ ಒಬ್ಬರು ನಮಗೆ ಇಂಜೆಕ್ಷನ್ ಲೆಕ್ಕ ಹಾಕುತ್ತಿರುತ್ತಾರೆ. ರೆಸಿಡೆಂಟ್ ವೈದ್ಯರ ದುಡಿಮೆ ಸತತ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ್ದು 1992ರಲ್ಲಿ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಕೊಟ್ಟ ಶಿಫಾರಸು ವಾರಕ್ಕೆ 74 ಗಂಟೆ. 32 ವರ್ಷದಲ್ಲಿ ಗುರಿಯೇ ಹಿಂದಕ್ಕೆ ಸರಿದಿದೆ.

ಆ ಕಾರ್ಯಪಡೆಯ ಅಧ್ಯಕ್ಷರು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸುರೇಶ್ ಬಾಡ ಮಠ. ಅದರ ಆನ್‌ಲೈನ್ ಸಮೀಕ್ಷೆಗೆ 5,337 ಪಿಜಿಗಳು ಉತ್ತರಿಸಿದ್ದರು. ಹಿಂದಿನ 12 ತಿಂಗಳಲ್ಲಿ ಸಾಯುವ ಯೋಚನೆ ಬಂದಿತ್ತು ಎಂದವರು ಶೇ 31. ಇದನ್ನು ‘ಭಾರತದ ಮೂವರು ಡಾಕ್ಟರ್‌ಗಳಲ್ಲಿ ಒಬ್ಬರು’ ಅಂತ ಫಾರ್ವರ್ಡ್ ಮಾಡಬೇಡಿ. ಇದು ಇಷ್ಟಪಟ್ಟು ಉತ್ತರಿಸಿದವರ ಲೆಕ್ಕ, ಅದೂ ಕೋವಿಡ್ ಅಲೆಗಳು ಇಳಿದ ಮೇಲಿನದು. ಯೋಚನೆ ಬರುವುದಕ್ಕೂ ಪ್ರಯತ್ನಿಸುವುದಕ್ಕೂ ವ್ಯತ್ಯಾಸವಿದೆ. ಹಾಗಿದ್ದರೂ ಸುಮ್ಮನೆ ತಳ್ಳಿಹಾಕುವ ಸಂಖ್ಯೆ ಇದಲ್ಲ. ಕೋವಿಡ್‌ನ ಮೊದಲ ದಿನಗಳಲ್ಲೇ ಚೀನಾದ 34 ಆಸ್ಪತ್ರೆಗಳ 1,257 ಸಿಬ್ಬಂದಿಯನ್ನು ವಿಚಾರಿಸಿದಾಗ ಅರ್ಧದಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಕಂಡಿದ್ದವು.

ಇದೆಲ್ಲ ಸುಸ್ತು ತಾನೇ, ಎರಡು ದಿನ ರಜೆ ಹಾಕಿದರೆ ಹೋಗಲ್ವಾ ಎಂದು ಕೆಲವರು ಕೇಳುತ್ತಾರೆ. ಸುಸ್ತಾದರೆ ಹೋಗುತ್ತದೆ. ಬರ್ನ್‌ಔಟ್ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿತು: ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗುವುದು, ‘ನನ್ನ ಕೈಲಿ ಏನೂ ಆಗಲ್ಲ’ ಅನ್ನಿಸುವುದು. ರಾತ್ರಿ ಪಾಳಿಯಲ್ಲಿ ಕಾಣುವ ಸಿಡುಕು ಕೆಲವೊಮ್ಮೆ ದರ್ಪವಲ್ಲ, ಇದರ ಲಕ್ಷಣ. ಜೊತೆಗೆ ಆಮ್ಲಜನಕ, ಬೆಡ್ ಇಲ್ಲದೆ ಉಳಿಸಬಹುದಾದವರನ್ನು ಉಳಿಸಲಾಗದ ಸಂಕಟ ಬೇರೆ. ಅದು ಕಾಯಿಲೆಯಲ್ಲ, ಆದರೆ ವರ್ಷಗಟ್ಟಲೆ ಕಾಡುತ್ತದೆ.

ನಮ್ಮ ಫಾರ್ವರ್ಡ್‌ಗಳ ಪಾಲೂ ಇದರಲ್ಲಿದೆ. ‘ಕೋವಿಡ್ ಅಂತ ಬರೆದರೆ ಆಸ್ಪತ್ರೆಗೆ ತಲೆಗಿಷ್ಟು ಲಕ್ಷ ಸಿಗುತ್ತೆ’ ಎಂಬ ಸುಳ್ಳು ಸಂದೇಶ ಆಗ ಎಷ್ಟು ಓಡಾಡಿತು ನೆನಪಿದೆಯಲ್ಲ? ಅದನ್ನು ನಂಬಿ ಸಿಟ್ಟಾದವರು ತೀರಿಸಿಕೊಳ್ಳುವುದು ಎದುರಿಗೆ ಸಿಗುವ 23-24 ವರ್ಷದ ಹೌಸ್ ಸರ್ಜನ್ ಮೇಲೆ. ವೈದ್ಯರ ಮೇಲಿನ ಹಲ್ಲೆಗೆ 7 ವರ್ಷದವರೆಗೆ ಜೈಲು ಎಂದು 2020ರ ಏಪ್ರಿಲ್‌ನಲ್ಲಿ ಕೇಂದ್ರ ಸುಗ್ರೀವಾಜ್ಞೆ ತರಬೇಕಾಗಿ ಬಂತು.

ಸಹಾಯ ಕೇಳಲು ಇವರಿಗೆ ಇರುವ ದೊಡ್ಡ ಹೆದರಿಕೆ ಒಂದೇ: ‘ಸೈಕಿಯಾಟ್ರಿಸ್ಟ್ ಹತ್ತಿರ ಹೋದರೆ ಕಾಲೇಜಿಗೆ ಗೊತ್ತಾಗುತ್ತೆ, ಕರಿಯರ್ ಹಾಳು.’ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯ. ಪ್ರಾಣಾಪಾಯ, ಕೋರ್ಟ್ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳುವಂತಿಲ್ಲ, ಕಾಲೇಜಿಗೂ ಸಹ.

ನಿಮ್ಮ ಮನೆಯ ಮಗನೋ ಮಗಳೋ ಮೆಡಿಕಲ್ ಓದುತ್ತಿದ್ದರೆ, ಫೋನ್ ಮಾಡಿದಾಗ ಮಾರ್ಕ್ಸ್ ಕೇಳುವ ಮೊದಲು ‘ನಿನ್ನೆ ಎಷ್ಟು ಹೊತ್ತು ಮಲಗಿದ್ದೆ?’ ಅಂತ ಕೇಳಿ. ಊಟ ಬಿಡುವುದು, ಮಾತು ಕಡಿಮೆಯಾಗುವುದು, ನಿದ್ದೆಗೆ ತಾವೇ ಮಾತ್ರೆ ತೆಗೆದುಕೊಳ್ಳುವುದು, ‘ನಾನಿಲ್ಲದಿದ್ದರೇ ಚೆನ್ನಾಗಿತ್ತು’ ಎನ್ನುವುದು ಕಂಡರೆ ತಡಮಾಡಬೇಡಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ವೈದ್ಯರೂ ಕರೆ ಮಾಡಬಹುದು, ಅವರ ಅಪ್ಪ-ಅಮ್ಮನೂ ಮಾಡಬಹುದು.