ಬಯಾಸ್‌ನಿಂದ ಯುಇಎಫ್‌ಐಗೆ: ಕಂಪ್ಯೂಟರ್ ಎಚ್ಚರಗೊಳ್ಳುವ ಬಗೆ

ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ ವಿಂಡೋಸ್ ಬಂದುಬಿಡುವುದಿಲ್ಲ. ಮದರ್‌ಬೋರ್ಡಿನ ಚಿಪ್ ಒಂದರಲ್ಲಿರುವ ಪುಟ್ಟ ತಂತ್ರಾಂಶ ಮೊದಲು ಎಚ್ಚೆತ್ತು, ಮೆಮೊರಿ, ಕೀಲಿಮಣೆ, ಡಿಸ್ಕ್‌ಗಳನ್ನು ಪರೀಕ್ಷಿಸಿ, ಆಮೇಲೆ ವಿಂಡೋಸನ್ನು ಕರೆಯುತ್ತದೆ. ಬಹುಕಾಲ ಈ ಕೆಲಸ ಮಾಡಿದ್ದು ಬಯಾಸ್. ಈಗ ಆ ಸ್ಥಾನದಲ್ಲಿರುವುದು ಯುಇಎಫ್‌ಐ.

ಬಯಾಸ್ ಎಂಬ ಹೆಸರು ಬಂದದ್ದು ಅಮೆರಿಕದ ಗ್ಯಾರಿ ಕಿಲ್ಡಾಲ್ 1970ರ ದಶಕದಲ್ಲಿ ರಚಿಸಿದ ಸಿಪಿ/ಎಂ ವ್ಯವಸ್ಥೆಯಿಂದ. 1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ಪಿಸಿಯನ್ನು ಹೊರತಂದಿತು. ಅದರ ಬಿಡಿಭಾಗಗಳಲ್ಲಿ ಹೆಚ್ಚಿನವು ಪೇಟೆಯಲ್ಲಿ ಸಿಗುವಂಥವೇ. ಐಬಿಎಂನ ಸ್ವಂತ ಆಸ್ತಿಯೆಂದರೆ ಮುಖ್ಯವಾಗಿ ಬಯಾಸ್. ಅದರ ಸಂಕೇತವನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಿದ್ದರೂ ನಕಲು ಮಾಡುವುದು ಕಾನೂನುಬಾಹಿರವಾಗಿತ್ತು. ಆಗ ಕಾಂಪ್ಯಾಕ್ ಕಂಪನಿ ಒಂದು ಉಪಾಯ ಹೂಡಿತು. ಒಂದು ತಂಡ ಬಯಾಸ್ ಏನೇನು ಮಾಡುತ್ತದೆ ಎಂದು ಓದಿ ಬರೆದಿಟ್ಟಿತು. ಮೂಲವನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಅದೇ ಕೆಲಸ ಮಾಡುವ ಹೊಸ ಬಯಾಸ್ ರಚಿಸಿತು. ನಕಲು ಹೊಡೆಯದೆ ಅದೇ ಉತ್ತರ ತರುವ ಈ ಜಾಣತನವನ್ನು ಪರೀಕ್ಷಾ ಕೊಠಡಿ ಕಾಯುವ ನಮ್ಮಂಥ ಶಿಕ್ಷಕರು ಮೆಚ್ಚಲೇಬೇಕು! 1984ರಲ್ಲಿ ಫೀನಿಕ್ಸ್ ಕಂಪನಿ ಇಂಥದೇ ಬಯಾಸನ್ನು ಇತರ ತಯಾರಕರಿಗೆ ಮಾರತೊಡಗಿತು. ಪಿಸಿ ಅಗ್ಗವಾಗಿ ಜಗತ್ತಿಗೆಲ್ಲ ಹರಡಲು ಇದೊಂದು ದೊಡ್ಡ ಕಾರಣ.

ಆದರೆ ಹಳೆಯ ತಂತ್ರಾಂಶಗಳೂ ನಡೆಯಬೇಕೆಂಬ ಹಟದಿಂದ 1981ರ ಮಿತಿಗಳೂ ಉಳಿದುಕೊಂಡವು. ಬಯಾಸ್ 16 ಬಿಟ್ ಸ್ಥಿತಿಯಲ್ಲಿ, 1 ಎಂಬಿ ಮೆಮೊರಿಯ ಎಲ್ಲೆಯೊಳಗೆ ಆರಂಭವಾಗುತ್ತಿತ್ತು. ಮೊದಲ ಪಿಸಿಯ ಅಕ್ಷರಕೋಷ್ಟಕದಲ್ಲಿದ್ದದ್ದು 256 ಚಿಹ್ನೆಗಳು. ಕನ್ನಡಕ್ಕಾಗಲಿ ಉರ್ದುವಿಗಾಗಲಿ ಅಲ್ಲಿ ಜಾಗವಿರಲಿಲ್ಲ. 1983ರಲ್ಲಿ ಬಂದ ಎಂಬಿಆರ್ ಎಂಬ ಡಿಸ್ಕ್ ವಿಭಜನಾ ಪದ್ಧತಿಗೆ ಸಾಮಾನ್ಯವಾಗಿ 2 ಟಿಬಿಗಿಂತ ದೊಡ್ಡ ಡಿಸ್ಕ್ ಪೂರ್ತಿ ನಿಲುಕುತ್ತಿರಲಿಲ್ಲ.

ಇಟೇನಿಯಂ ಎಂಬ ದೊಡ್ಡ ಸಂಸ್ಕಾರಕಕ್ಕೆ ಈ ಹಳೆಯ ಅಂಗಿ ಹೊಂದದೆಂದು ಇಂಟೆಲ್ 1990ರ ದಶಕದ ಕೊನೆಯಲ್ಲಿ ಇಎಫ್‌ಐ ರೂಪಿಸಿತು. ಇಟೇನಿಯಂ ಸೋತಿತು, ಇಎಫ್‌ಐ ಬದುಕಿತು. 2005ರಲ್ಲಿ ಹಲವು ಕಂಪನಿಗಳ ವೇದಿಕೆಗೆ ಸೇರಿ ಅದು ಯುಇಎಫ್‌ಐ ಆಯಿತು.

ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬಯಾಸ್ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದಿ, ಅಲ್ಲಿರುವುದನ್ನು ಕುರುಡಾಗಿ ನಡೆಸುತ್ತದೆ. ಯುಇಎಫ್‌ಐ ಡಿಸ್ಕಿನ ಪ್ರತ್ಯೇಕ ವಿಭಾಗವೊಂದರಲ್ಲಿ ಬೂಟ್ ಕಡತವನ್ನು ಹುಡುಕುತ್ತದೆ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಅದರ ಸಹಿಯನ್ನೂ ಪರಿಶೀಲಿಸುತ್ತದೆ. ಆದ್ದರಿಂದ ಬಯಾಸ್ ಕ್ರಮದಲ್ಲಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಬರೀ ಸೆಟ್ಟಿಂಗ್ ಬದಲಿಸಿದರೆ ಬೂಟ್ ಡಿಸ್ಕ್ ಇಲ್ಲವೆಂಬ ಸಂದೇಶ ಬರುತ್ತದೆ. ಗಾಬರಿಯಾಗಿ ಫಾರ್ಮ್ಯಾಟ್ ಮಾಡಿದರೆ ವರ್ಷಗಳ ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಫೋಟೋಗಳೆಲ್ಲ ಹೋದಂತೆ. ಡಿಸ್ಕ್ ಕೆಟ್ಟಿರುವುದಿಲ್ಲ; ಸೆಟ್ಟಿಂಗನ್ನು ಹಿಂದಿನಂತೆ ಮಾಡಿದರೆ ಯಂತ್ರ ಮತ್ತೆ ಏಳುತ್ತದೆ. ಮೊದಲು ಕಡತಗಳ ಪ್ರತಿ ಬೇರೆಡೆ ತೆಗೆದಿಡಬೇಕು. ಆಮೇಲೆ ಡಿಸ್ಕನ್ನು ಜಿಪಿಟಿ ಪದ್ಧತಿಗೆ ತರಬೇಕು. ಸೆಟ್ಟಿಂಗ್ ಬದಲಿಸುವುದು ಕಡೆಗೆ. 2017ರಲ್ಲಿ ವಿಂಡೋಸ್ 10ರೊಂದಿಗೆ ಬಂದ ಎಂಬಿಆರ್2ಜಿಪಿಟಿ ಉಪಕರಣ ಕಡತ ಅಳಿಸದೆ ಈ ಪರಿವರ್ತನೆ ಮಾಡುತ್ತದೆ; ವಿಂಡೋಸ್ 64 ಬಿಟ್‌ನದಾಗಿರಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಯುಇಎಫ್‌ಐ ಜೊತೆಗೆ ಟಿಪಿಎಂ 2.0 ಚಿಪ್ಪನ್ನೂ ಹೊಸ ಸಂಸ್ಕಾರಕವನ್ನೂ ಕೇಳುತ್ತದೆ. ಹೀಗಾಗಿ ದಾನವಾಗಿ ಬಂದ ಹಳೆಯ ಯಂತ್ರಗಳಲ್ಲಿ ಕೆಲವಕ್ಕೆ ಈ ಬದಲಾವಣೆಯಿಂದಲೂ ಪ್ರಯೋಜನವಾಗದು. ಅಂಥವನ್ನು ಗುಜರಿಗೆ ಹಾಕಬೇಕಿಲ್ಲ; ಲಿನಕ್ಸ್ ಬಯಾಸ್‌ನಲ್ಲೂ ಏಳುತ್ತದೆ, ಯುಇಎಫ್‌ಐನಲ್ಲೂ ಏಳುತ್ತದೆ.