ಚರಕ: ಅಡಿಕೆ ಸೀಮೆಗೆ ಕೈಮಗ್ಗ ಬಂದ ಕಥೆ

ಇವತ್ತಿನ ಕಂತು ಒಂದು ಜುಬ್ಬಾದ ಲೆಕ್ಕ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಒಳ್ಳೇದು, ಕ್ಯಾಲ್ಕುಲೇಟರ್ ಬೇಕಾಗಲ್ಲ.

ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು, ಹೆಗ್ಗೋಡು. ಹೆಸರು ಕೇಳಿದ ತಕ್ಷಣ ನೀನಾಸಂ, ನಾಟಕ ನೆನಪಾಗುತ್ತೆ. ಅಲ್ಲೇ ಹತ್ತಿರ ಭೀಮನಕೋಣೆ ಅಂತ ಒಂದು ಊರಿದೆ. 1990ರ ದಶಕದಲ್ಲಿ ರಂಗನಿರ್ದೇಶಕ ಪ್ರಸನ್ನ ಅವರು ಅಲ್ಲಿನ ಹೆಣ್ಣುಮಕ್ಕಳ ಜೊತೆ ಸೇರಿ 'ಚರಕ' ಶುರುಮಾಡಿದರು. ಇಳಕಲ್ಲು, ಗುಳೇದಗುಡ್ಡದ ಹಾಗೆ ತಲೆತಲಾಂತರದಿಂದ ಮಗ್ಗದ ಸದ್ದು ಕೇಳಿದ ಸೀಮೆ ಅಲ್ಲ ಅದು. ಅಡಿಕೆ ತೋಟ, ಗದ್ದೆ, ಬಿಡದೆ ಸುರಿಯೋ ಮಳೆ. ತೋಟ ಇಲ್ಲದ ಮನೆಯ ಹೆಂಗಸರಿಗೆ ಇದ್ದದ್ದು ಕೂಲಿ. ಅದೂ ಸುಗ್ಗಿ ಇದ್ದಾಗ ಮಾತ್ರ.

ಬಡವರಿಗೆ ಕೆಲಸ ಕೊಟ್ಟರು ಅಂತ ಒಂದೇ ಸಾಲಲ್ಲಿ ಮುಗಿಸೋ ಕಥೆ ಅಲ್ಲ ಇದು. ಬಿ.ಕಾಂ. ಓದಿದ ನನಗೆ ಹಿಡಿಸಿದ್ದು ಇದನ್ನ ಕಟ್ಟಿದ ರೀತಿ. ಚರಕ ಒಂದು ಮಹಿಳಾ ಸಹಕಾರಿ ಸಂಘ. ಅಂದ್ರೆ ಮಗ್ಗದ ಮುಂದೆ ಕೂತವಳು ಷೇರುದಾರಳೂ ಹೌದು, ಸಭೆಯಲ್ಲಿ ಅವಳಿಗೂ ಒಂದು ಓಟು. ಬಣ್ಣ ಹಾಕೋದು, ನೇಯೋದು, ಹೊಲಿಯೋದು ಎಲ್ಲಾ ಅಲ್ಲೇ. ಮಾರೋ ತಲೆನೋವು ಮಾತ್ರ ಬೇರೆಯವರದ್ದು: ಅದಕ್ಕೆ 'ದೇಸಿ' ಅನ್ನೋ ಟ್ರಸ್ಟು, ಬೆಂಗಳೂರಿನಂಥ ಊರುಗಳಲ್ಲಿ ಅದರ ಅಂಗಡಿಗಳು. ಹಳ್ಳಿಯಲ್ಲಿ ಚೆನ್ನಾಗಿ ನೇಯೋಕೆ ಕಲಿಸಿ, ಗಿರಾಕಿ ಎಲ್ಲಿ ಅಂತ ಯೋಚಿಸದೇ ಮುಚ್ಚಿಹೋದ ತರಬೇತಿ ಕೇಂದ್ರಗಳು ನಮ್ಮಲ್ಲಿ ಕಡಿಮೆ ಇವೆಯಾ?

ಬಣ್ಣದ ವಿಷಯಕ್ಕೆ ಬರೋಣ, ನನಗೆ ತುಂಬಾ ಇಷ್ಟದ ಭಾಗ. ಮಲೆನಾಡಲ್ಲಿ ಹಸಿ ಅಡಿಕೆ ಬೇಯಿಸಿದಾಗ ಉಳಿಯೋ ಕೆಂಗಂದು ರಸಕ್ಕೆ ಚೊಗರು ಅಂತಾರೆ. ಬಟ್ಟೆಗೆ ತಾಗಿದ್ರೆ ಹೋಗಲ್ಲ, ಅಮ್ಮನ ಹತ್ರ ಬೈಸಿಕೊಳ್ಳೋದು ಗ್ಯಾರಂಟಿ. ಆ ಹೋಗದ ಕಲೆಯೇ ಚರಕದಲ್ಲಿ ಬಣ್ಣ ಆಯ್ತು. ಕಚ್ಚಾ ಮಾಲು ಊರಲ್ಲೇ ಸಿಗುತ್ತೆ.

ಈಗ ಲೆಕ್ಕ. ಮಿಲ್ ಬಟ್ಟೆಯಲ್ಲಿ ಯಂತ್ರ ಒಂದು ದಿನಕ್ಕೆ ರಾಶಿಗಟ್ಟಲೆ ನೇಯುತ್ತೆ, ಮೀಟರಿಗೆ ಬೀಳೋ ಕೂಲಿ ಪುಡಿಗಾಸು. ಕೈಮಗ್ಗದಲ್ಲಿ ಬೆಲೆಯ ದೊಡ್ಡ ಪಾಲು ಕೂಲಿಯೇ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ಆಗ ಸಾವಿರ ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕಿಂತ ಜಾಸ್ತಿ ಇದ್ರೆ ಶೇ 12 ಇತ್ತು. ಕೈಯಲ್ಲಿ ಮಾಡಿದ್ದಾ, ಯಂತ್ರದ್ದಾ ಅಂತ ಆ ಪಟ್ಟಿ ಕೇಳಲಿಲ್ಲ. ಕೂಲಿ ಹೆಚ್ಚು ಕೊಟ್ಟ ಕಾರಣಕ್ಕೇ ಬೆಲೆ ಸಾವಿರ ದಾಟಿದ ಜುಬ್ಬಾ ಮೇಲಿನ ದರಕ್ಕೆ ಸಿಕ್ಕಿಬಿತ್ತು! ತೆರಿಗೆ ಪುಸ್ತಕದ ಕಣ್ಣಲ್ಲಿ ಇದು ಸಮಾನತೆ. ನನಗೇನೋ ಹಾಗನ್ನಿಸಲ್ಲ. ಕೈಉತ್ಪನ್ನಗಳಿಗೆ ತೆರಿಗೆ ಸೊನ್ನೆ ಇರಲಿ ಅಂತ ಪ್ರಸನ್ನ ಅದೇ ವರ್ಷ ಕರ ನಿರಾಕರಣೆ ಸತ್ಯಾಗ್ರಹ ಹೂಡಿದರು, ಬೆಂಗಳೂರಲ್ಲಿ ಉಪವಾಸ ಕೂತರು.

ಆಮೇಲೆ 2020, ಲಾಕ್‌ಡೌನ್. ಅಂಗಡಿಗಳು ಮುಚ್ಚಿದವು, ನೇಯ್ದ ಬಟ್ಟೆ ಹಾಗೇ ಉಳೀತು. ಬ್ಯಾಲೆನ್ಸ್ ಶೀಟಿನಲ್ಲಿ ಉಳಿದ ಸ್ಟಾಕ್ ಆಸ್ತಿಯ ಕಡೆಗೇ ಬರುತ್ತೆ, ಕಾಲೇಜಲ್ಲಿ ನಮಗೆ ಕಲಿಸಿದ್ದೂ ಅದನ್ನೇ. ಆದರೆ ಶನಿವಾರದ ಬಟವಾಡೆಗೆ ಬಟ್ಟೆ ಥಾನು ಕೊಡೋಕಾಗುತ್ತಾ? ಸರ್ಕಾರದಿಂದ ಬರಬೇಕಾದ ಹಣವೂ ಬಂದಿಲ್ಲ ಅಂತ ಹೇಳಿ, ಆ ವರ್ಷ ಚರಕ ತಾನು ದಿವಾಳಿಯಾಗಿದ್ದೀನಿ ಅಂತ ಬಹಿರಂಗವಾಗಿ ಘೋಷಿಸಿತು. ದಿವಾಳಿಯನ್ನ ಎಲ್ಲರೂ ಮುಚ್ಚಿಡ್ತಾರೆ. ಇವರು ಪತ್ರಿಕೆಯವರಿಗೆ ಕರೆದು ಹೇಳಿದರು. ಕಷ್ಟ ಒಂದು ಸಂಘದ್ದಲ್ಲ, ಇಡೀ ಕೈಮಗ್ಗದ್ದು ಅನ್ನೋದು ಅವರ ವಾದ.

2015ರಲ್ಲಿ ಇದೇ ಪ್ರಸನ್ನ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ಪಾಳುಬಿದ್ದಿದ್ದ ಹಳೇ ಖಾದಿ ಕೇಂದ್ರದಲ್ಲಿ ಸತ್ಯಾಗ್ರಹ ಕೂತಿದ್ದರು. ಆ ಕೇಂದ್ರದ ಕಥೆ ಮುಂದಿನ ಕಂತಿಗೆ ಇಟ್ಕೊಂಡಿದ್ದೀನಿ.